ಸಾವಿರ ಕೌಂಟರ್, ಒಂದೂ ಬೆರೆಯದ ನಂಬರ್



ಏಳನೇ ತರಗತಿಯ ಹುಡುಗಿಯೊಬ್ಬಳು ಈ ಅಂಕಣಕ್ಕೆ ಪತ್ರ ಬರೆದಿದ್ದಾಳೆ. ಅವಳ ಅಜ್ಜಿ ಈಗ ಹಾಲಿನವರಿಗೂ ತರಕಾರಿಯವರಿಗೂ ಫೋನಿನಲ್ಲೇ ದುಡ್ಡು ಕೊಡುತ್ತಾರಂತೆ. ಕೊಟ್ಟ ಕೂಡಲೇ ಪರದೆಯ ಮೇಲೆ ಒಂದು ಉದ್ದನೆಯ ನಂಬರ್ ಬರುತ್ತದೆ. “ತಾತ, ಅದೇ ಹೊತ್ತಿಗೆ ದೇಶದಲ್ಲಿ ಎಷ್ಟೋ ಜನ ದುಡ್ಡು ಕಳಿಸುತ್ತಿರುತ್ತಾರಲ್ಲ? ನಮ್ಮಜ್ಜಿಗೆ ಬಂದ ನಂಬರೇ ಇನ್ನೊಬ್ಬರಿಗೂ ಬಂದುಬಿಟ್ಟರೆ? ಇಷ್ಟೊಂದು ನಂಬರನ್ನು ಒಂದು ಕಡೆ ಕೂತು ಹಂಚುವವರು ಯಾರು?” ಎಂದು ಕೇಳಿದ್ದಾಳೆ.

ಜಾಣೆ! ಪ್ರಶ್ನೆ ಕೇಳಲು ಚಿಕ್ಕದು, ಆದರೆ ದೊಡ್ಡ ದೊಡ್ಡ ಎಂಜಿನಿಯರುಗಳು ತಲೆ ಕೆಡಿಸಿಕೊಂಡಿರುವ ಪ್ರಶ್ನೆ. ಉತ್ತರ ಕೇಳಿದರೆ ಇನ್ನೂ ಆಶ್ಚರ್ಯವಾಗುತ್ತದೆ. ಇಂಥ ಬಹಳಷ್ಟು ನಂಬರುಗಳನ್ನು ಒಂದು ಕಡೆ ಕೂತು ಹಂಚುವವರು ಯಾರೂ ಇಲ್ಲ. ಬೇರೆ ಬೇರೆ ಊರಿನ ಸಾವಿರಾರು ಕಂಪ್ಯೂಟರುಗಳು ತಮ್ಮ ಪಾಡಿಗೆ ತಾವು ನಂಬರ್ ಕೊಡುತ್ತಾ ಹೋಗುತ್ತವೆ. ಒಂದನ್ನೊಂದು ಕೇಳುವುದಿಲ್ಲ. ಆದರೂ ನಂಬರ್ ಬೆರೆಯುವುದಿಲ್ಲ. ಅದು ಹೇಗೆ ಎಂದು ಈ ವಾರ ನೋಡೋಣ.

ಹೆಸರು ಸಾಲದು

ನಿಮ್ಮ ತರಗತಿಯಲ್ಲಿ ಇಬ್ಬರು ಸಂಜನಾ ಇದ್ದರೆ ಮೇಷ್ಟ್ರು ಏನು ಮಾಡುತ್ತಾರೆ? ಸಂಜನಾ ಕೆ., ಸಂಜನಾ ಎಂ. ಎಂದು ಇನಿಷಿಯಲ್ ಸೇರಿಸಿ ಕರೆಯುತ್ತಾರೆ. ಇನಿಷಿಯಲ್ಲೂ ಒಂದೇ ಆದರೆ ಹಾಜರಿ ಪುಸ್ತಕದ ನಂಬರ್ ಹಿಡಿಯುತ್ತಾರೆ. ತರಗತಿಯಲ್ಲಿ ಹೆಸರು ಬೆರೆತರೆ ಎಲ್ಲರೂ ನಗುತ್ತಾರೆ, ಅಷ್ಟೆ. ಆದರೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇಬ್ಬರು ಸಂಜನಾರ ಸೀಸೆಗಳು ಬೆರೆತರೆ? ಒಬ್ಬಳ ಕಾಯಿಲೆಗೆ ಇನ್ನೊಬ್ಬಳು ಮಾತ್ರೆ ನುಂಗಬೇಕಾಗುತ್ತದೆ. ಅಲ್ಲಿ ನಗುವ ಮಾತಿಲ್ಲ.

ಬ್ಯಾಂಕಿನಲ್ಲೂ ಹಾಗೆಯೇ. ಒಂದೇ ಊರಿನಲ್ಲಿ ಹತ್ತು ಜನ ಮಂಜುನಾಥರು, ಹತ್ತು ಜನ ಲಕ್ಷ್ಮಮ್ಮನವರು ಇರುತ್ತಾರೆ. ಲಕ್ಷ್ಮಮ್ಮನವರ ಪಿಂಚಣಿ ಲಕ್ಷ್ಮಮ್ಮನವರಿಗೇ ಸೇರಬೇಕು, ಸರಿ. ಆದರೆ ಯಾವ ಲಕ್ಷ್ಮಮ್ಮ? ಅದನ್ನು ಹೇಳುವುದು ಖಾತೆ ನಂಬರ್. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಎತ್ತಲಾರದಷ್ಟು ದಪ್ಪದ ಲೆಡ್ಜರುಗಳಿದ್ದವು. “ಮೊದಲು ನಂಬರ್ ನೋಡು, ಆಮೇಲೆ ಹೆಸರು ಓದು” ಎಂದು ಹಿರಿಯ ಗುಮಾಸ್ತರು ಹೇಳಿಕೊಡುತ್ತಿದ್ದರು. ಹೆಸರು ಎಷ್ಟು ಜನರಿಗೆ ಬೇಕಾದರೂ ಇರಬಹುದು. ನಂಬರ್ ಒಬ್ಬರಿಗೇ ಇರಬೇಕು.

ಒಬ್ಬನೇ ಬಡಿಸಿದರೆ?

ನಂಬರ್ ಕೊಡುವ ಅತಿ ಸುಲಭದ ದಾರಿ ಎಂದರೆ ಒಬ್ಬನೇ ಮನುಷ್ಯ, ಒಂದೇ ಪುಸ್ತಕ. 1 ಆದ ಮೇಲೆ 2, 2 ಆದ ಮೇಲೆ 3. ಬೀದಿ ಕೊನೆಯ ಅಂಗಡಿಯ ಬಿಲ್ ಬುಕ್ ಹೀಗೇ ನಡೆಯುತ್ತದೆ. ಬೆರೆಯುವ ಭಯವೇ ಇಲ್ಲ.

ಆದರೆ ಮದುವೆ ಮನೆಯಲ್ಲಿ ಸಾವಿರ ಜನಕ್ಕೆ ಒಬ್ಬನೇ ಬಡಿಸಿದರೆ ಏನಾಗುತ್ತದೆ? ಕೊನೆಯ ಪಂಕ್ತಿಗೆ ಅನ್ನ ಬರುವ ಹೊತ್ತಿಗೆ ಸಾಯಂಕಾಲವಾಗುತ್ತದೆ. ಇದು ಮೊದಲ ತೊಂದರೆ. ಬಡಿಸುವವನಿಗೇ ಜ್ವರ ಬಂದು ಮಲಗಿದರೆ ಊಟವೇ ನಿಂತಿತು. ಇದು ಎರಡನೆಯದು.

ಮೂರನೆಯ ತೊಂದರೆ ದೂರದ್ದು. ಬೆಂಗಳೂರಿನ ಕಂಪ್ಯೂಟರ್ ಪ್ರತಿ ಸಲವೂ ಅಮೆರಿಕದ ಕಂಪ್ಯೂಟರನ್ನು “ಮುಂದಿನ ನಂಬರ್ ಯಾವುದು?” ಎಂದು ಕೇಳಿ ಉತ್ತರ ಪಡೆಯಲು ಸುಮಾರು ಕಾಲು ಸೆಕೆಂಡ್ ಬೇಕು. ನಮಗೆ ಅದು ರೆಪ್ಪೆ ಬಡಿಯುವಷ್ಟು ಹೊತ್ತು. ಕಂಪ್ಯೂಟರಿಗೆ ಅದು ಬಹಳ ದೀರ್ಘ ಕಾಲ. ಎಷ್ಟು ದೀರ್ಘ ಎಂಬುದನ್ನು ಇನ್ನು ಸ್ವಲ್ಪ ಹೊತ್ತಿನಲ್ಲೇ ಲೆಕ್ಕ ಹಾಕಿ ತೋರಿಸುತ್ತೇನೆ.

ಆದ್ದರಿಂದ ನಂಬರ್ ಕೊಡುವವರು ಹಲವರು ಇರಬೇಕು. ಪ್ರತಿ ಸಲ ಒಬ್ಬರನ್ನೊಬ್ಬರು ಕೇಳುತ್ತಾ ಕೂರಬಾರದು. ಆದರೂ ಇಬ್ಬರು ಒಂದೇ ನಂಬರ್ ಕೊಡಬಾರದು. ಇದೇ ನಮ್ಮ ಒಗಟು.

ಮೊದಲೇ ಹಂಚಿಕೊಂಡರೆ ಜಗಳವಿಲ್ಲ

ಅಣ್ಣ ಒಂದು ಕೋಣೆಯಲ್ಲಿ, ತಂಗಿ ಇನ್ನೊಂದು ಕೋಣೆಯಲ್ಲಿ ಕೂತು ಚೀಟಿಗಳ ಮೇಲೆ ನಂಬರ್ ಬರೆಯಬೇಕು. ಮಾತನಾಡುವಂತಿಲ್ಲ, ಇಣುಕುವಂತಿಲ್ಲ. ಬೆರೆಯದ ಹಾಗೆ ಬರೆಯುವುದು ಹೇಗೆ? ಸ್ವಲ್ಪ ಯೋಚಿಸಿ, ಆಮೇಲೆ ಮುಂದೆ ಓದಿ.

ಅಣ್ಣ ಬೆಸ ಸಂಖ್ಯೆ ತೆಗೆದುಕೊಳ್ಳಲಿ: 1, 3, 5, 7. ತಂಗಿ ಸಮ ಸಂಖ್ಯೆ ತೆಗೆದುಕೊಳ್ಳಲಿ: 2, 4, 6, 8. ಸಂಜೆಯವರೆಗೆ ಬರೆದರೂ ಒಂದೂ ಬೆರೆಯುವುದಿಲ್ಲ. ಇದು ಬರೀ ಆಟವಲ್ಲ. ಜನ ತಮ್ಮ ಫೋಟೋಗಳನ್ನು ಇಡುವ ಫ್ಲಿಕರ್ ಎಂಬ ತಾಣದಲ್ಲಿ ಇದೇ ಉಪಾಯ ಮಾಡಿದ್ದರು. ನಂಬರ್ ಕೊಡಲೆಂದೇ ಎರಡು ಕಂಪ್ಯೂಟರ್ ಇಟ್ಟು, ಒಂದಕ್ಕೆ ಬೆಸ, ಇನ್ನೊಂದಕ್ಕೆ ಸಮ ಎಂದು ಹಂಚಿದರು. ಒಂದು ಕೆಟ್ಟು ನಿಂತರೂ ಇನ್ನೊಂದು ನಂಬರ್ ಕೊಡುತ್ತಲೇ ಇರುತ್ತದೆ. ಅಲ್ಲಿನ ಎಂಜಿನಿಯರುಗಳು 2010ರಲ್ಲಿ ಇದನ್ನು ಎಲ್ಲರಿಗೂ ವಿವರಿಸಿ ಬರೆದರು.

ಬ್ಯಾಂಕಿನವರಿಗೆ ಈ ಹಂಚಿಕೆ ಹಳೆಯ ವಿದ್ಯೆ. ಡ್ರಾಫ್ಟ್ ಹಾಳೆಗಳ ಮೇಲೆ ಅಚ್ಚಿನಲ್ಲೇ ನಂಬರ್ ಬಿದ್ದಿರುತ್ತಿತ್ತು. ಇಷ್ಟರಿಂದ ಇಷ್ಟರವರೆಗೆ ಈ ಶಾಖೆಗೆ, ಅಲ್ಲಿಂದ ಮುಂದಿನದು ಆ ಶಾಖೆಗೆ ಎಂದು ಕಟ್ಟು ಕಟ್ಟಾಗಿ ಬರುತ್ತಿತ್ತು. ಒಂದೊಂದು ಡ್ರಾಫ್ಟ್ ಬರೆಯುವಾಗಲೂ ಮುಖ್ಯ ಕಚೇರಿಗೆ ಟ್ರಂಕ್ ಕಾಲ್ ಮಾಡಿ ನಂಬರ್ ಕೇಳಬೇಕಾಗಿದ್ದರೆ ಗಿರಾಕಿಗಳು ನಮ್ಮನ್ನು ಸುಮ್ಮನೆ ಬಿಡುತ್ತಿದ್ದರೇ?

ಮನೆಯಲ್ಲಿ ಚೆಕ್ ಪುಸ್ತಕವಿದ್ದರೆ ಅಜ್ಜನ ಅಪ್ಪಣೆ ಪಡೆದು ಒಂದು ಹಾಳೆಯ ತಳಭಾಗ ನೋಡಿ. ಬಿಳಿ ಪಟ್ಟಿಯ ಮೇಲೆ ವಿಚಿತ್ರ ಆಕಾರದ ಅಂಕೆಗಳಿವೆ. ಮೊದಲು 6 ಅಂಕೆಯ ಚೆಕ್ ನಂಬರ್. 6 ಅಂಕೆಯಲ್ಲಿ ಹೆಚ್ಚೆಂದರೆ 10 ಲಕ್ಷ ನಂಬರ್ ಸಾಧ್ಯ. ಇಡೀ ದೇಶಕ್ಕೆ ಅದು ಯಾವ ಮೂಲೆಗೆ? ಅದಕ್ಕೇ ಪಕ್ಕದಲ್ಲಿ 9 ಅಂಕೆಯ ಇನ್ನೊಂದು ಗುರುತಿದೆ. ಅದರಲ್ಲಿ ಮೊದಲ ಮೂರು ಊರಿಗೆ, ನಡುವಿನ ಮೂರು ಬ್ಯಾಂಕಿಗೆ, ಕೊನೆಯ ಮೂರು ಶಾಖೆಗೆ. ಬೆಂಗಳೂರಾದರೆ 560, ಮೈಸೂರಾದರೆ 570. ಎಲ್ಲೋ ನೋಡಿದ ಹಾಗಿದೆಯಲ್ಲವೇ? ಹೌದು, ಆ ಊರುಗಳ ಅಂಚೆ ಪಿನ್ ಕೋಡ್ ಶುರುವಾಗುವುದೂ ಅದೇ ಅಂಕೆಗಳಿಂದ.

ಯಾರು? ಯಾವಾಗ? ಎಷ್ಟನೆಯದು?

ಈಗ ಕಂಪ್ಯೂಟರ್ ಕಾಲದ ನಂಬರಿಗೆ ಬರೋಣ. 2 ಲಕ್ಷ ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಹಣವನ್ನು ಒಂದು ಬ್ಯಾಂಕಿನಿಂದ ಇನ್ನೊಂದು ಬ್ಯಾಂಕಿಗೆ ಕೂಡಲೇ ಕಳಿಸಲು ಆರ್‌ಟಿಜಿಎಸ್ ಎಂಬ ಏರ್ಪಾಟಿದೆ. ರಿಸರ್ವ್ ಬ್ಯಾಂಕ್ ಇದನ್ನು 2004ರಲ್ಲಿ ಶುರು ಮಾಡಿತು. ಹೀಗೆ ಕಳಿಸಿದ ಪ್ರತಿ ಹಣಕ್ಕೂ ಯುಟಿಆರ್ ಎಂಬ 22 ಅಕ್ಷರ-ಅಂಕೆಗಳ ಗುರುತು ಇರುತ್ತದೆ. ಅದನ್ನು ಬಿಡಿಸಿ ನೋಡೋಣ.

ಮೊದಲ 4 ಅಕ್ಷರ ಕಳಿಸಿದ ಬ್ಯಾಂಕಿನ ಗುರುತು. ಆಮೇಲೆ ಇದು ಆರ್‌ಟಿಜಿಎಸ್ ಎಂದು ತಿಳಿಸುವ ಒಂದು ಅಕ್ಷರ, ಯಾವ ದಾರಿಯಿಂದ ಬಂತು ಎಂದು ತಿಳಿಸುವ ಇನ್ನೊಂದು ಅಕ್ಷರ. ನಂತರ 8 ಅಂಕೆಯಲ್ಲಿ ವರ್ಷ, ತಿಂಗಳು, ದಿನ. ಕೊನೆಗೆ 8 ಅಂಕೆಯ ಸರದಿ ನಂಬರ್. 4, 2, 8, 8 ಕೂಡಿಸಿ. 22 ಆಯಿತಲ್ಲ?

ಈ ಗುರುತು ಮೂರು ಪ್ರಶ್ನೆಗೆ ಉತ್ತರ ಹೇಳುತ್ತದೆ. ಕೊಟ್ಟವರು ಯಾರು? ಕೊಟ್ಟಿದ್ದು ಯಾವಾಗ? ಅಂದು ಅದು ಎಷ್ಟನೆಯದು? ಈಗ ಯಾವ ಎರಡು ಗುರುತು ಬೇಕಾದರೂ ತೆಗೆದುಕೊಳ್ಳಿ. ಬ್ಯಾಂಕ್ ಬೇರೆಯಾದರೆ ಮೊದಲ ಭಾಗ ಬೇರೆ. ಬ್ಯಾಂಕ್ ಒಂದೇ ಆಗಿ ದಿನ ಬೇರೆಯಾದರೆ ನಡುವಿನ ಭಾಗ ಬೇರೆ. ಬ್ಯಾಂಕೂ ದಿನವೂ ಒಂದೇ ಆದರೆ ಸರದಿ ಬೇರೆ. ಬೆರೆಯಲು ಜಾಗವೇ ಇಲ್ಲ. ಒಂದು ಬ್ಯಾಂಕ್ ಇನ್ನೊಂದು ಬ್ಯಾಂಕನ್ನು “ಇವತ್ತು ಯಾವ ನಂಬರ್ ಕೊಟ್ಟಿರಿ?” ಎಂದು ಕೇಳುವ ಅಗತ್ಯವೂ ಇಲ್ಲ.

ಇದೇ ಮೂರು ಪ್ರಶ್ನೆಗಳ ಮೇಲೆ ಟ್ವಿಟ್ಟರ್, ಅಂದರೆ ಈಗಿನ ಎಕ್ಸ್, 2010ರಲ್ಲಿ ಒಂದು ಏರ್ಪಾಟು ಕಟ್ಟಿತು. ಅದಕ್ಕೆ ಮುಂಚೆ ಅಲ್ಲಿ ಜನ ಬರೆದ ಒಂದೊಂದು ಸಾಲಿಗೂ ಸರದಿಯಂತೆ ನಂಬರ್ ಬೀಳುತ್ತಿತ್ತು. ಬರೆಯುವವರು ಹೆಚ್ಚಿ, ಕೆಲಸವನ್ನು ಅನೇಕ ಕಂಪ್ಯೂಟರುಗಳಿಗೆ ಹಂಚಲು ಹೊರಟಾಗ ಸರದಿ ಕಾಯುವವರು ಯಾರು ಎಂಬ ಪ್ರಶ್ನೆ ಎದ್ದಿತು. ಆಗ ಮಾಡಿದ ಏರ್ಪಾಟಿಗೆ ಸ್ನೋಫ್ಲೇಕ್ ಎಂದು ಹೆಸರಿಟ್ಟರು. ಸ್ನೋಫ್ಲೇಕ್ ಎಂದರೆ ಹಿಮದ ಹರಳು. ಅಮೆರಿಕದ ವರ್ಮಾಂಟ್ ಎಂಬಲ್ಲಿ ವಿಲ್ಸನ್ ಬೆಂಟ್ಲಿ ಎಂಬ ರೈತರಿದ್ದರು. ಅವರು 1885ರಿಂದ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹಿಮದ ಹರಳುಗಳ 5,000ಕ್ಕೂ ಹೆಚ್ಚು ಚಿತ್ರ ತೆಗೆದರು. ಒಂದರಂತೆ ಇನ್ನೊಂದು ಹರಳು ಇಲ್ಲ ಎಂಬ ಮಾತು ಲೋಕಕ್ಕೆಲ್ಲ ಹಬ್ಬಿದ್ದು ಆ ಚಿತ್ರಗಳಿಂದ. ನಂಬರಿಗೆ ಇದಕ್ಕಿಂತ ಒಪ್ಪುವ ಹೆಸರು ಬೇಕೇ?

ಕಂಪ್ಯೂಟರ್ ಬರೆಯುವುದೆಲ್ಲ 0 ಮತ್ತು 1ರಲ್ಲಿ. ಅಂಥ ಒಂದೊಂದು ಮನೆಗೆ ಬಿಟ್ ಎನ್ನುತ್ತಾರೆ. ಸ್ನೋಫ್ಲೇಕ್ ನಂಬರಿನಲ್ಲಿ 64 ಮನೆ, ಚದುರಂಗದ ಮಣೆಯಲ್ಲಿ ಇರುವಷ್ಟೇ. ಅದರಲ್ಲಿ ಒಂದು ಮನೆ ಖಾಲಿ. 41 ಮನೆ ಸಮಯಕ್ಕೆ, 10 ಮನೆ ಕಂಪ್ಯೂಟರಿನ ಗುರುತಿಗೆ, 12 ಮನೆ ಸರದಿಗೆ. ಬ್ಯಾಂಕಿನ ಗುರುತಿನಲ್ಲಿ ಸಮಯದ ಜಾಗದಲ್ಲಿ ದಿನವಿತ್ತು. ಇಲ್ಲಿ ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗ!

ಲೆಕ್ಕ ಇಷ್ಟವಿರುವವರು ಪೆನ್ಸಿಲ್ ಹಿಡಿಯಿರಿ. 10 ಮನೆಯಲ್ಲಿ 1,024 ಕಂಪ್ಯೂಟರುಗಳಿಗೆ ಗುರುತು ಕೊಡಬಹುದು. 12 ಮನೆಯಲ್ಲಿ 4,096 ಸರದಿ ನಂಬರ್ ಹಿಡಿಯುತ್ತವೆ. ಅಂದರೆ ಒಂದೇ ಕಂಪ್ಯೂಟರ್ ಒಂದು ಮಿಲಿಸೆಕೆಂಡಿನಲ್ಲಿ 4,096 ನಂಬರ್ ಕೊಡಬಹುದು. ಅಮೆರಿಕವನ್ನು ಕೇಳಿ ಉತ್ತರ ಪಡೆಯಲು ಕಾಲು ಸೆಕೆಂಡ್, ಅಂದರೆ 250 ಮಿಲಿಸೆಕೆಂಡ್ ಬೇಕು ಎಂದೆನಲ್ಲ? ಅಷ್ಟು ಹೊತ್ತಿನಲ್ಲಿ ಈ ಕಂಪ್ಯೂಟರ್ ಯಾರನ್ನೂ ಕೇಳದೆ 10,24,000 ನಂಬರ್ ಕೊಟ್ಟು ಮುಗಿಸಬಹುದು. ಒಬ್ಬನೇ ಬಡಿಸುವುದಕ್ಕೂ ಎಲ್ಲರೂ ಬಡಿಸುವುದಕ್ಕೂ ಇರುವ ವ್ಯತ್ಯಾಸ ಇದು. ಸಮಯದ 41 ಮನೆಗಳು ಖಾಲಿಯಾಗಲು ಸುಮಾರು 69 ವರ್ಷ ಬೇಕು.

ಗಡಿಯಾರ ಹಿಂದೆ ಹೋದರೆ?

ಈ ಏರ್ಪಾಟಿಗೆ ಎರಡು ಕಡೆ ಎಚ್ಚರ ಬೇಕು. ಒಂದು, ಎರಡು ಕಂಪ್ಯೂಟರುಗಳಿಗೆ ಒಂದೇ ಗುರುತು ಕೊಡಬಾರದು. ಅದನ್ನು ಮಾತ್ರ ಮೊದಲೇ ಒಂದು ಸಲ ಕೂತು ಹಂಚಿಕೊಳ್ಳಬೇಕು. ಎರಡು, ಗಡಿಯಾರ ಹಿಂದೆ ಹೋಗಬಾರದು.

ಬ್ಯಾಂಕಿನಲ್ಲಿ ಬೆಳಿಗ್ಗೆ ಬಂದ ಕೂಡಲೇ ಮೊದಲ ಕೆಲಸ, ಠಸ್ಸೆಯ ಚಕ್ರ ತಿರುಗಿಸಿ ಅಂದಿನ ತಾರೀಕು ಕೂರಿಸುವುದು. ಅದು ಸಣ್ಣ ಕೆಲಸವಲ್ಲ. ನಿನ್ನೆಯ ತಾರೀಕು ಹಾಗೇ ಉಳಿದು, ಸರದಿ ಮಾತ್ರ ಮತ್ತೆ 1ರಿಂದ ಶುರುವಾದರೆ ನಿನ್ನೆ ಕೊಟ್ಟ ನಂಬರೇ ಇಂದೂ ಹುಟ್ಟುತ್ತದೆ. ಕಂಪ್ಯೂಟರಿನ ಗಡಿಯಾರವೂ ನಮ್ಮ ಗೋಡೆ ಗಡಿಯಾರದ ಹಾಗೆ ಚೂರು ಮುಂದೆ, ಚೂರು ಹಿಂದೆ ಹೋಗುತ್ತದೆ. ಅದನ್ನು ಆಗಾಗ ಸರಿಪಡಿಸುತ್ತಾರೆ. ಮುಂದೆ ಓಡಿದ್ದನ್ನು ಹಿಂದಕ್ಕೆ ತಿರುಗಿಸಿದಾಗ ಒಮ್ಮೆ ಕಳೆದುಹೋದ ಮಿಲಿಸೆಕೆಂಡುಗಳೇ ಮತ್ತೆ ಬರುತ್ತವೆ!

ಆಗ ಸ್ನೋಫ್ಲೇಕ್ ಏನು ಮಾಡುತ್ತದೆ ಗೊತ್ತೇ? ಗಡಿಯಾರ ಹಿಂದೆ ಹೋಗಿದೆ ಎಂದು ಕಂಡ ಕೂಡಲೇ ನಂಬರ್ ಕೊಡಲು ಒಪ್ಪುವುದಿಲ್ಲ. ಕೊನೆಯ ನಂಬರ್ ಕೊಟ್ಟ ಹೊತ್ತನ್ನು ಗಡಿಯಾರ ದಾಟುವವರೆಗೆ ಕೌಂಟರ್ ಬಂದ್. ತಪ್ಪು ನಂಬರ್ ಕೊಡುವುದಕ್ಕಿಂತ ಸ್ವಲ್ಪ ಹೊತ್ತು ಸುಮ್ಮನಿರುವುದು ಮೇಲು ಎಂಬ ಬುದ್ಧಿಯನ್ನು ಅದಕ್ಕೆ ಕಲಿಸಿದ್ದಾರೆ. ನಮಗೂ ಬೇಕಾದ ಬುದ್ಧಿಯೇ.

ನಾಣ್ಯ ಚಿಮ್ಮುವ ದಾರಿ

ಇನ್ನೊಂದು ದಾರಿಯಿದೆ. ಅದರಲ್ಲಿ ಏನೂ ಹಂಚಿಕೊಳ್ಳುವುದೇ ಬೇಡ. ಎಲ್ಲರೂ ಕಣ್ಣು ಮುಚ್ಚಿ ಮನಸ್ಸಿಗೆ ಬಂದ ನಂಬರ್ ಎತ್ತಿಕೊಳ್ಳುವುದು! ಬೆರೆಯುವುದಿಲ್ಲವೇ? ನಂಬರ್ ಚಿಕ್ಕದಾದರೆ ಖಂಡಿತ ಬೆರೆಯುತ್ತದೆ, ನಾವು ಅಂದುಕೊಂಡದ್ದಕ್ಕಿಂತ ಬೇಗ ಬೆರೆಯುತ್ತದೆ.

ನಿಮ್ಮ ತರಗತಿಯಲ್ಲೇ ಪರೀಕ್ಷಿಸಿ. ವರ್ಷಕ್ಕೆ 365 ದಿನ. ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರಬೇಕಾದರೆ ನೂರಾರು ಮಕ್ಕಳು ಬೇಕು ಎನಿಸುತ್ತದೆ. ಆದರೆ 23 ಮಕ್ಕಳಿದ್ದರೆ ಸಾಕು, ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ಆಗುವ ಸಾಧ್ಯತೆ ಅರ್ಧಕ್ಕಿಂತ ಚೂರು ಹೆಚ್ಚು. 40 ಮಕ್ಕಳಿದ್ದರೆ 100ಕ್ಕೆ 89ರಷ್ಟು. ಕಾರಣ ಇಷ್ಟೆ: 23 ಮಕ್ಕಳಲ್ಲಿ ಇಬ್ಬಿಬ್ಬರ ಜೋಡಿ ಮಾಡಿದರೆ 253 ಜೋಡಿಗಳಾಗುತ್ತವೆ. ಯಾವುದಾದರೂ ಒಂದು ಜೋಡಿ ಹೊಂದಿದರೆ ಸಾಕು. ಒಂದು ಮಾತು, ಈ ಪರೀಕ್ಷೆಯನ್ನು ಅಜ್ಜ-ಅಜ್ಜಿಯರ ಮೇಲೆ ಮಾಡಬೇಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ “ಜೂನ್ 1” ನಮ್ಮ ತಲೆಮಾರಿನ ಎಷ್ಟೋ ಜನರ ಹುಟ್ಟಿದ ದಿನ. ಅಲ್ಲಿ ಲೆಕ್ಕ ಕೆಟ್ಟುಹೋಗುತ್ತದೆ!

ಹಾಗಾದರೆ ನಂಬರನ್ನು ಬಹಳ ದೊಡ್ಡದು ಮಾಡಬೇಕು. 1980ರ ದಶಕದಲ್ಲಿ ಅಮೆರಿಕದ ಅಪೊಲೊ ಕಂಪ್ಯೂಟರ್ ಎಂಬ ಸಂಸ್ಥೆಯಲ್ಲಿ ಮೊಳೆತು, ಮುಂದೆ ಬೆಳೆದು ಬಂದ ಯುಯುಐಡಿ ಎಂಬ ಗುರುತಿನಲ್ಲಿ 128 ಮನೆಗಳಿವೆ. ಅದರ ಒಂದು ಬಗೆಯಲ್ಲಿ 122 ಮನೆಗಳನ್ನು ನಾಣ್ಯ ಚಿಮ್ಮಿದ ಹಾಗೆ ತುಂಬುತ್ತಾರೆ. ರಾಜ ಬಿದ್ದರೆ 0, ರಾಣಿ ಬಿದ್ದರೆ 1 ಅಂದುಕೊಳ್ಳಿ. 10 ಸಲ ಚಿಮ್ಮಿದರೆ 1,024 ಬಗೆಯ ಸಾಲು ಸಾಧ್ಯ. 122 ಸಲ ಚಿಮ್ಮಿದರೆ? ಉತ್ತರ 37 ಅಂಕೆಗಳ ಸಂಖ್ಯೆ! ಸೆಕೆಂಡಿಗೆ 100 ಕೋಟಿಯಂತೆ ಸುಮಾರು 86 ವರ್ಷ ನಿಲ್ಲಿಸದೆ ಇಂಥ ಗುರುತು ಮಾಡುತ್ತಾ ಹೋದರೆ ಆಗ ಎಲ್ಲಾದರೂ ಎರಡು ಒಂದೇ ಆಗುವ ಸಾಧ್ಯತೆ ಅರ್ಧಕ್ಕೆ ಬರುತ್ತದೆ. ಆದರೆ ನಾಣ್ಯ ಮೋಸದ್ದಾಗಿರಬಾರದು. ಕಂಪ್ಯೂಟರ್ ಚಿಮ್ಮುವ ನಾಣ್ಯ ಒಂದೇ ಕಡೆ ವಾಲಿದರೆ ಈ ಭರವಸೆಯೆಲ್ಲ ಸುಳ್ಳಾಗುತ್ತದೆ.

ನಾಣ್ಯದ ದಾರಿಯಲ್ಲಿ ಒಂದು ಕೊರತೆಯಿದೆ. ಯಾವುದು ಮೊದಲು ಹುಟ್ಟಿತು, ಯಾವುದು ಆಮೇಲೆ ಎಂದು ಗುರುತು ನೋಡಿ ಹೇಳಲಾಗುವುದಿಲ್ಲ. ಅದಕ್ಕೆ 2024ರಲ್ಲಿ ಬಂದ ಹೊಸ ನಿಯಮದಲ್ಲಿ ಒಂದು ಬಗೆಯ ಗುರುತಿಗೆ ಮೊದಲ 48 ಮನೆಯಲ್ಲಿ ಸಮಯ ಬರೆದು, ಉಳಿದದ್ದರಲ್ಲಿ ಬಹುಪಾಲನ್ನು ನಾಣ್ಯಕ್ಕೆ ಬಿಟ್ಟಿದ್ದಾರೆ. ಎರಡು ದಾರಿಯನ್ನೂ ಸೇರಿಸಿ ಹೆಣೆದ ಜಡೆ ಎನ್ನಿ.

ಹಿರಿಯರಿಗೆ ಎರಡು ಮಾತು

ಈ ನಂಬರ್ ಅಲಂಕಾರಕ್ಕಲ್ಲ. ಹಿಂದೆ ಡ್ರಾಫ್ಟ್ ಬಂದರೆ ಮೊದಲು ಅದರ ನಂಬರ್ ನೋಡಿ, ದುಡ್ಡು ಕೊಟ್ಟ ಮೇಲೆ ಪುಸ್ತಕದಲ್ಲಿ ಆ ನಂಬರಿಗೆ ಗುರುತು ಹಾಕುತ್ತಿದ್ದೆವು. ಅದೇ ನಂಬರ್ ಮತ್ತೆ ಬಂದರೆ ದುಡ್ಡಿಲ್ಲ. ಕಂಪ್ಯೂಟರೂ ಹಾಗೆಯೇ. ನೆಟ್‌ವರ್ಕ್ ಕೈಕೊಟ್ಟು ಒಂದೇ ಸಂದೇಶ ಎರಡು ಸಲ ತಲುಪಿದರೂ ನಂಬರ್ ಒಂದೇ ಎಂದು ನೋಡಿ ಎರಡನೆಯದನ್ನು ಪಕ್ಕಕ್ಕಿಡಬಹುದು. ಆದರೆ ನೀವು ಗಾಬರಿಯಾಗಿ ಮತ್ತೆ ಹೊಸದಾಗಿ ದುಡ್ಡು ಕಳಿಸಿದರೆ ಅದಕ್ಕೆ ಹೊಸ ನಂಬರ್ ಹುಟ್ಟುತ್ತದೆ, ಅದು ಬೇರೆಯದೇ ಹಣ. ಆದ್ದರಿಂದ ದುಡ್ಡು ಹೋಯಿತೋ ಇಲ್ಲವೋ ಎಂಬ ಅನುಮಾನ ಬಂದರೆ ಮತ್ತೆ ಒತ್ತಬೇಡಿ. ಮೊದಲು ಆ ನಂಬರ್ ಬರೆದಿಟ್ಟುಕೊಳ್ಳಿ. ಬ್ಯಾಂಕಿಗೆ ಹೋದಾಗ “ಮೊನ್ನೆ ಮೊಮ್ಮಗನಿಗೆ ಕಳಿಸಿದ್ದೆ” ಎಂದರೆ ಹುಡುಕುವುದು ಕಷ್ಟ. ಆ ನಂಬರ್ ಹೇಳಿದರೆ ನಿಮ್ಮ ದುಡ್ಡಿನ ಜಾಡು ಸಿಗುತ್ತದೆ.

ಎರಡನೆಯ ಮಾತು: ಗುರುತು ಬೇರೆ, ಗುಟ್ಟು ಬೇರೆ. ವಹಿವಾಟಿನ ನಂಬರ್ ಗುರುತು, ಬ್ಯಾಂಕಿನವರಿಗೆ ಹೇಳಬೇಕಾದದ್ದು. ಪಿನ್ ಮತ್ತು ಒಟಿಪಿ ಗುಟ್ಟು. ಅದನ್ನು ಬ್ಯಾಂಕಿನವರಿಗೂ ಹೇಳಬಾರದು, ಮನೆಗೆ ಬಂದ ನೆಂಟರಿಗೂ ಹೇಳಬಾರದು. ದುಡ್ಡು ಬರಬೇಕಾದರೆ ಪಿನ್ ಒತ್ತಬೇಕು ಎಂದು ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ಪಿನ್ ಒತ್ತಬೇಕಾದದ್ದು ನಮ್ಮ ಖಾತೆಯಿಂದ ದುಡ್ಡು ಹೋಗಲು, ಬರಲು ಅಲ್ಲ.

ಈ ವಾರದ ಲೆಕ್ಕ

ಮಕ್ಕಳೇ, ನಿಮ್ಮ ಶಾಲೆಯಲ್ಲಿ ಮಕ್ಕಳ ಸಂತೆ ಎಂದುಕೊಳ್ಳಿ. ಮೈದಾನಕ್ಕೆ ನಾಲ್ಕು ಗೇಟು. ಪ್ರತಿ ಗೇಟಿನಲ್ಲೂ ಒಬ್ಬರು ಟಿಕೆಟ್ ಮೇಲೆ ಕೈಯಿಂದ ನಂಬರ್ ಬರೆದು ಕೊಡಬೇಕು. ಫೋನ್ ಇಲ್ಲ, ಒಬ್ಬರ ಹತ್ತಿರ ಇನ್ನೊಬ್ಬರು ಓಡಿ ಹೋಗುವಂತಿಲ್ಲ. ಬೆಸ-ಸಮ ಉಪಾಯ ಇಬ್ಬರಿಗೆ ಸರಿ. ನಾಲ್ವರಿಗೆ ಹೇಗೆ ಹಂಚುತ್ತೀರಿ? ಸುಳಿವು ಬೇಕಾದರೆ 4ರಿಂದ ಭಾಗಿಸಿ, ಶೇಷ ನೋಡಿ.

ಇನ್ನೂ ಸ್ವಲ್ಪ ಕಷ್ಟದ್ದು ಬೇಕೇ? ಮಧ್ಯಾಹ್ನ ಜನ ಹೆಚ್ಚಾಗಿ ಐದನೆಯ ಗೇಟು ತೆರೆಯಬೇಕಾಯಿತು. ಮೊದಲ ನಾಲ್ಕು ಗೇಟಿನವರನ್ನು ನಿಲ್ಲಿಸದೆ, ಅವರಿಗೆ ಸುದ್ದಿಯನ್ನೂ ಕಳಿಸದೆ ಐದನೆಯವರಿಗೆ ನಂಬರ್ ಕೊಡಬೇಕು. ಹಾಗಾದರೆ ಬೆಳಿಗ್ಗೆಯೇ ಹೇಗೆ ಹಂಚಿರಬೇಕಿತ್ತು? ಮನೆಯಲ್ಲಿ ಅಜ್ಜ-ಅಜ್ಜಿಯ ಜೊತೆ ಕೂತು ಯೋಚಿಸಿ, ನಿಮ್ಮ ಉಪಾಯವನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಕಾರ್ಡಿನ ಮೇಲೆ ಹೆಸರು, ತರಗತಿ, ಊರು ಮೂರನ್ನೂ ಬರೆಯುವುದು ಮರೆಯಬೇಡಿ. ಬರೀ ಸಂಜನಾ ಎಂದು ಬರೆದರೆ, ಯಾವ ಸಂಜನಾ ಎಂದು ನನಗೆ ತಿಳಿಯುವುದಾದರೂ ಹೇಗೆ?